ತುಪ್ಪಳದ ಕೋಟೆಯ ಕಿಟಕಿ

ಲಗ್ಗೆರೆಯಿಂದ ಗೊರಗುಂಟೆಪಾಳ್ಯಕ್ಕೆ ಆಟೋ ನೂರಿಪ್ಪತ್ತು ರೂಪಾಯಿ, ಅಲ್ಲಿಂದ ವಿಮಾನ ನಿಲ್ದಾಣದ ಬಸ್ಸಿಗೆ ಮುನ್ನೂರರ ಹತ್ತಿರ. ಈ ಪ್ರವಾಸದಲ್ಲಿ ನನ್ನ ಖರ್ಚು ಇಷ್ಟೇ. ಉಳಿದದ್ದೆಲ್ಲ ನನ್ನ ತಮ್ಮ ನಂಜುಂಡನ ಮಗಳು ಸವಿತಾಳದು. ಆಕೆ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸು. ಕರೆದದ್ದು ಅವಳ ಅಪ್ಪನನ್ನು. ಆದರೆ ನಂಜುಂಡನ ಮೊಣಕಾಲು ಅಷ್ಟು ಹೊತ್ತು ಕೂರಲು ಬಿಡುವುದಿಲ್ಲ.

"ನೀನೇ ಹೋಗಿ ಅವ್ಳು ಹೆಂಗವ್ಳೆ ನೋಡ್ಕೊಂಡ್ ಬಾರಣ್ಣ," ಎಂದು ಬಸ್ಸಿನ ಬಾಗಿಲವರೆಗೂ ಕುಂಟುತ್ತ ಬಂದು ಚಟ್ನಿಪುಡಿಯ ಡಬ್ಬ ಕೈಗಿಟ್ಟ.

ಅವನ ಮುಖ ನೋಡಲಾಗಲಿಲ್ಲ. ಅವನ ಎರಡು ವರ್ಷದ ಗಂಡುಮಗು ತೀರಿಹೋದ ದಿನದ ಒಂದು ಸತ್ಯವನ್ನು ಮೂವತ್ತು ವರ್ಷದಿಂದ ಅವನಿಗೆ ಹೇಳದೆ ಇಟ್ಟುಕೊಂಡಿದ್ದೆ. ಅವನಿಗೆ ಹೇಳುವ ಧೈರ್ಯವಿಲ್ಲ, ಅವನ ಮಗಳಿಗಾದರೂ ಹೇಳಿ ಬರೋಣ ಎಂದು ಹೊರಟಿದ್ದೆ.

ಮೂರು ವಿಮಾನ ಬದಲಿಸಿ ಎಡ್ಮಂಟನ್ ತಲುಪಿದಾಗ ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಜುಲೈ ತಿಂಗಳು. ರಾತ್ರಿ ಹತ್ತಾದರೂ ಅಲ್ಲಿ ಬೆಳಕು ಹೋಗುವುದಿಲ್ಲ. ಗುಡ್ಡವಿಲ್ಲ, ಬೇಲಿಯಿಲ್ಲ, ಕಣ್ಣು ಹರಿಯುವಷ್ಟು ದೂರ ಹುಚ್ಚೆಳ್ಳು ಹೂಬಿಟ್ಟ ಹಾಗೆ ಹಳದಿ ಹೊಲ. ಅದು ಎಣ್ಣೆಕಾಳಿನ ಬೆಳೆಯಂತೆ. ನಾಲ್ಕು ದಿನ ಸವಿತಾ ಮಾಡಿದ ಸಾರು ಅನ್ನ ತಿಂದುಕೊಂಡು, ಹೇಳಬೇಕಾದ್ದನ್ನು ಹೇಳದೆ ಕಳೆದೆ.

ಐದನೆಯ ದಿನ ಅವಳಿಗೆ ರಜೆ. ನೂರಾ ನಲವತ್ತು ಕಿಲೋಮೀಟರು ಕಾರಿನಲ್ಲಿ ಹೋಗಿ, ನದಿಯ ದಂಡೆಯ ಹಳೆಯ ಕೋಟೆಯೊಂದನ್ನು ನೋಡಿದೆವು. ಟಿಕೆಟ್ಟು ಹದಿನಾಲ್ಕು ಡಾಲರ್, ನನ್ನಂಥ ಮುದುಕರಿಗೆ ಹತ್ತು. ಕೋಟೆ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಚಿತ್ರದುರ್ಗ. ಇಲ್ಲಿ ಕಲ್ಲೇ ಇಲ್ಲ. ಎರಡಾಳೆತ್ತರದ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟು, ತುದಿ ಚೂಪು ಮಾಡಿದ ಗೋಡೆ, ಮೂಲೆಗೊಂದು ಕಾವಲುಗೂಡು. ಹಳೆಯದು ಎಂದೋ ಸುಟ್ಟುಹೋಗಿ, ಈಗಿರುವುದು ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದು.

"ರಾಜರ ಕೋಟೆಯೇನಮ್ಮ?"

"ರಾಜರೂ ಇಲ್ಲ, ಯುದ್ಧಾನೂ ಇಲ್ಲ ದೊಡ್ಡಪ್ಪ. ಇದು ಅಂಗಡಿ. ಸುತ್ತ ಬೇಲಿ ಜಾಸ್ತಿ, ಅಷ್ಟೆ."

ಉದ್ದ ಲಂಗ ತೊಟ್ಟ ಗೈಡ್ ಹೆಂಗಸು ಒಳಗೆಲ್ಲ ತೋರಿಸಿದರು. ಅವರ ಮಾತನ್ನು ಸವಿತಾ ಕನ್ನಡದಲ್ಲಿ ಹೇಳಿದಳು. ಬೀವರ್ ಎಂಬ ಪ್ರಾಣಿ ಅಲ್ಲಿನ ಹೊಳೆಗಳಲ್ಲಿದೆ. ಹಲ್ಲಿನಿಂದಲೇ ಮರ ಕಡಿದು ನೀರಿಗೆ ಅಡ್ಡ ಒಡ್ಡು ಕಟ್ಟುತ್ತದೆ. ಇನ್ನೂರು ವರ್ಷದ ಹಿಂದೆ ಯೂರೋಪಿನ ದೊಡ್ಡಮನುಷ್ಯರಿಗೆ ಅದರ ತುಪ್ಪಳದಿಂದ ಮಾಡಿದ ಟೋಪಿಯೇ ಬೇಕಿತ್ತು. ಅದಕ್ಕಾಗಿ ಕಂಪನಿಗಳು ಈ ಬಯಲಿನ ನದಿಗಳುದ್ದಕ್ಕೂ ಇಂಥ ಕೋಟೆಗಳನ್ನು ಹಾಕಿದವು. ಮೂಲನಿವಾಸಿಗಳು ಚಳಿಗಾಲವೆಲ್ಲ ಹಿಮದಲ್ಲಿ ಬೇಟೆಯಾಡಿ ಚರ್ಮ ತಂದರೆ, ಕಂಬಳಿ, ಕೆಟಲು, ಬಂದೂಕು, ಹೊಗೆಸೊಪ್ಪು ಕೊಡುತ್ತಿದ್ದರು. ಎಲ್ಲದರ ಬೆಲೆಯೂ ಬೀವರ್ ಚರ್ಮದ ಲೆಕ್ಕದಲ್ಲಿ. ಗೋಡೆಗೆ ನೇತುಹಾಕಿದ್ದ ಒಂದು ಚರ್ಮವನ್ನು ಮುಟ್ಟಿದೆ. ಅಷ್ಟು ಮೆತ್ತಗಿನದನ್ನು ನನ್ನ ಕೈ ಹಿಂದೆಂದೂ ಮುಟ್ಟಿರಲಿಲ್ಲ.

ಕೊನೆಗೆ ವ್ಯಾಪಾರದ ಕೋಣೆ. ದಪ್ಪ ಹಲಗೆಯ ಅಡ್ಡಗೋಡೆ, ಅದರಲ್ಲೊಂದು ಸಣ್ಣ ಕಿಟಕಿ. ಬಂದವರು ಆಯುಧ ಹೊರಗಿಟ್ಟು ಇಬ್ಬರು ಮೂವರಾಗಿ ಈ ಕಡೆ ನಿಲ್ಲಬೇಕು. ಗುಮಾಸ್ತ ಆ ಕಡೆ. ಚರ್ಮ ಒಳಗೆ ಹೋಗುತ್ತದೆ, ಸಾಮಾನು ಹೊರಗೆ ಬರುತ್ತದೆ, ಮನುಷ್ಯ ಒಳಗೆ ಹೋಗುವ ಹಾಗಿಲ್ಲ.

ಗೈಡ್ ಹೇಳಿದರು, "ನಮ್ಮ ಮುತ್ತಜ್ಜಿಯ ಅಜ್ಜಿ ಬೇಟೆಗಾರರ ಮಗಳು. ಕೋಟೆಯ ಗುಮಾಸ್ತನನ್ನು ಮದುವೆಯಾಗಿ ಒಳಗಿದ್ದಳು. ಅವಳ ಅಣ್ಣಂದಿರು ಚರ್ಮ ಹೊತ್ತು ಈ ಕಿಟಕಿಗೆ ಬರುತ್ತಿದ್ದರು."

"ಭಾವಮೈದುನರನ್ನ ಒಳಗೆ ಕರೀತಿದ್ದನಂತಾ ಕೇಳಮ್ಮ," ಎಂದೆ.

ಸವಿತಾ ಕೇಳಿದಳು. ಗೈಡ್ ಸ್ವಲ್ಪ ನಕ್ಕರು. "ಕೆಲವು ಗುಮಾಸ್ತರು ಒಳಗೆ ಕರೆದು ಊಟ ಹಾಕುತ್ತಿದ್ದರು. ಕೆಲವರು ಮೇಲಿನವರ ಎದುರು ಗುರುತೇ ಇಲ್ಲದ ಹಾಗೆ ಇರುತ್ತಿದ್ದರು. ನಮ್ಮವನು ಯಾವ ಥರದವನೋ ಯಾರೂ ಬರೆದಿಟ್ಟಿಲ್ಲ."

"ದೊಡ್ಡಪ್ಪ, ಆ ಕಡೆ ನಿಂತ್ಕೊಳ್ಳಿ. ಕಿಟಕೀಲಿ ಒಂದ್ ಫೋಟೋ ತೆಗೀತೀನಿ," ಎಂದಳು ಸವಿತಾ.

ನನ್ನಿಂದ ಆಗಲಿಲ್ಲ. ಹೊರಗೆ ಬಂದು ನದಿಯ ಕಡೆಗಿದ್ದ ಬೆಂಚಿನ ಮೇಲೆ ಕೂತೆ. ಅವಳು ಗಾಬರಿಯಿಂದ ನೀರಿನ ಬಾಟಲಿ ತಂದಳು. ಅಲ್ಲಿ ಹೇಳಿದೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಗೇಟಿನ ಪಕ್ಕದ ಕಿಟಕಿಯೇ ನನ್ನ ಜಾಗ. ಕಾಯಂ ನೌಕರರ ಮನೆಯವರು ಬಂದರೆ ಒಳಗೆ ಫೋನು ಮಾಡಿ ಕರೆಸುತ್ತಿದ್ದೆವು. ಕಂಟ್ರಾಕ್ಟ್ ಕೂಲಿಯವರ ಮನೆಯವರಾದರೆ ಪಾಳಿ ಮುಗಿದ ಸೈರನ್ ಆಗುವವರೆಗೆ ಕಾಯಬೇಕು. ಅದು ಪದ್ಧತಿ. ನಂಜುಂಡನನ್ನು ನನ್ನ ತಮ್ಮನೆಂದು ಯಾರಿಗೂ ಹೇಳದೆ ಕಂಟ್ರಾಕ್ಟಿಗೆ ಸೇರಿಸಿದ್ದೆ. ಒಂದು ಬೆಳಿಗ್ಗೆ ಅವನ ಹೆಂಡತಿ ಗೌರಿ, ಜ್ವರ ಏರಿ ಕಣ್ಣು ಮೇಲಾದ ಮಗುವನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಊರಿಂದ ಬಂದು ತಿಂಗಳಾಗಿತ್ತು. ಆಸ್ಪತ್ರೆ ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಹಿಂದೆ ಹೊಸ ಆಫೀಸರು ನಿಂತಿದ್ದರು. "ಭಾವ, ಅವರನ್ನ ಕರೀರಿ," ಎಂದಳು. ನಾನು ಅವಳನ್ನೇ ನೋಡುತ್ತ, "ಯಾರಮ್ಮ ನೀನು? ಸೈರನ್ ಆಗಲಿ," ಎಂದೆ. ಅವಳು ಮತ್ತೆ ಭಾವ ಎನ್ನಲಿಲ್ಲ. ಮಧ್ಯಾಹ್ನ ಎರಡಕ್ಕೆ ಸೈರನ್ ಆಗುವವರೆಗೂ ಬಿಸಿಲಿನಲ್ಲಿ ನಿಂತಳು. ಸಂಜೆ ಆಸ್ಪತ್ರೆಯಲ್ಲಿ ಮಗು ಹೋಯಿತು. ಮುಂಚೆ ತಂದಿದ್ದರೆ ಬದುಕುತ್ತಿತ್ತು ಎಂದು ಡಾಕ್ಟರು ಹೇಳಲಿಲ್ಲ. ನಾನೇ ದಿನಾ ಹೇಳಿಕೊಳ್ಳುತ್ತೇನೆ. ನಂಜುಂಡನಿಗೆ, ಆ ಬೆಳಿಗ್ಗೆಯೆಲ್ಲ ನಾನು ಬೇರೆ ಕೆಲಸಕ್ಕೆ ಒಳಗಿದ್ದೆ, ಕಿಟಕಿಯಲ್ಲಿ ಬೇರೆಯವನಿದ್ದ ಎಂದೆ.

ಸವಿತಾ ನದಿಯನ್ನೇ ನೋಡುತ್ತಿದ್ದಳು.

"ಗೊತ್ತು ದೊಡ್ಡಪ್ಪ. ನಾನೂ ಅಲ್ಲೇ ಇದ್ನಲ್ಲ. ಕಿಟಕಿ ಕೆಳಗೆ, ಅಮ್ಮನ ಸೆರಗು ಹಿಡ್ಕೊಂಡು. ನಿಮ್ಗೆ ಕಾಣ್ಲಿಲ್ಲ, ಅಷ್ಟೆ. ಅಪ್ಪಂಗೆ ಹೇಳಿದ್ರೆ ಅಣ್ಣತಮ್ಮ ಬೇರೆ ಆಗ್ತಾರೆ ಅಂತ ಅಮ್ಮ ನನ್ ಹತ್ರ ಆಣೆ ಹಾಕಿಸ್ಕೊಂಡ್ಲು. ಸಾಯೋವರ್ಗೂ ಅವ್ಳೂ ಹೇಳ್ಲಿಲ್ಲ."

"ನನ್ನ ಕ್ಷಮಿಸ್ತೀಯೇನಮ್ಮ?"

"ನನ್ನ ಕೇಳ್ಬೇಡಿ. ಆಶ್ರಮದಲ್ಲಿ ನನ್ಗೆ ದಿನಾ ಇದೇ ಕೆಲ್ಸ. ಅಲ್ಲಿರೋ ವಯಸ್ಸಾದವ್ರು ಮನೆಯವ್ರಿಗೆ ಹೇಳ್ಬೇಕಾದ್ದನ್ನ ನರ್ಸಿಗೆ ಹೇಳ್ಬಿಟ್ಟು ಹಗುರ ಆಗ್ತಾರೆ." ಮೊಸರನ್ನದ ಡಬ್ಬ ತೆಗೆದು ನನ್ನ ಮುಂದಿಟ್ಟಳು. "ತಿನ್ನಿ, ಬಿಸಿಲಿಗೆ ಹುಳಿ ಬರುತ್ತೆ. ಊರಿಗೆ ಹೋಗಿ ಅಪ್ಪಂಗೆ ಹೇಳಿ."

ಇನ್ನೂ ಹತ್ತು ದಿನ ಅಲ್ಲಿದ್ದೆ. ಅವಳು ಆ ಮಾತು ಮತ್ತೆ ಎತ್ತಲಿಲ್ಲ. ಬಡಿಸುವಾಗ ಕೈ ಬಿಗಿ ಹಿಡಿಯಲೂ ಇಲ್ಲ.

ಹಿಂದಿರುಗಿದ ದಿನ ಗೊರಗುಂಟೆಪಾಳ್ಯದಲ್ಲಿ ಬಸ್ಸು ಇಳಿದರೆ ನಂಜುಂಡ ಕಾಯುತ್ತ ನಿಂತಿದ್ದ. "ಹೆಂಗವ್ಳೆ?" ಎಂದ. ಚೆನ್ನಾಗಿದ್ದಾಳೆ ಎಂದೆ. ಆಟೋ ಕರೆಯಲು ಹೋದವನನ್ನು ತಡೆದು, ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿದೆ. ಲಾರಿಗಳ ಸದ್ದಿಗೆ ಎರಡು ಸಲ ಜೋರಾಗಿ ಹೇಳಬೇಕಾಯಿತು.

ಅವನು ಬಯ್ಯಲಿಲ್ಲ, ಎದ್ದು ಹೋಗಲೂ ಇಲ್ಲ. ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಆಮೇಲೆ ಕೇಳಿದ:

"ಮಗೀನ ಹೆಸ್ರು ಹೇಳಣ್ಣ."

ನಾನು ಅವನ ಕಡೆ ತಿರುಗಿದೆ.

"ಅವತ್ತಿಂದ ನಿನ್ ಬಾಯಲ್ಲಿ ಕೇಳೇ ಇಲ್ಲ. ನಂಗೆ ನೋವಾಯ್ತದೆ ಅಂತ ಬಿಟ್ಟಿದೀಯ ಅನ್ಕೊಂಡಿದ್ದೆ."

"ಕುಮಾರ," ಎಂದೆ.

"ಇನ್ನೊಂದ್ ಸಲ ಹೇಳು," ಎಂದ.