ಒಣ ಕೋಣೆ

ಹೋದ ವಾರ ಪಕ್ಕದ ಮನೆಯ ಕ್ರೈಸ್ತ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುವವರು, ಒಂದು ಸೀಸೆ ವಿನೆಗರ್ ತಂದುಕೊಟ್ಟರು. ಕಳ್ಳು ಹುಳಿ ಬರಿಸಿ ಅವರೇ ಮನೆಯಲ್ಲಿ ಮಾಡಿದ್ದು. ಮಂಗಳೂರಿನ ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ಈಗ ಹಾಗೆ ಮಾಡುವವರು ಅವರೊಬ್ಬರೇ. ಮೀನಿನ ಉಪ್ಪಿನಕಾಯಿಗೆ ಹಾಕಲೆಂದು ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ತಾಗಿದ್ದೇ ಕೈ ನಿಂತುಬಿಟ್ಟಿತು. ಸೀಸೆಯನ್ನು ಹಾಗೆಯೇ ಮೇಜಿನ ಮೇಲಿಟ್ಟು ಕುಳಿತೆ.

ನನಗೆ ಆ ವಾಸನೆ ಅಡುಗೆಯದಲ್ಲ, ಫಿಲ್ಮಿನದು. ತುಕ್ಕು ಹಿಡಿದ ದುಂಡನೆಯ ಡಬ್ಬಿಯ ಮುಚ್ಚಳ ತೆಗೆದಾಗ ಬಂದದ್ದು. ಡಬ್ಬಿ ಹಿಡಿದು ನಿಂತಿದ್ದವರು ನಮ್ಮ ಕಾಲೇಜಿನ ಲೈಬ್ರರಿ ಸರ್.

ಐವತ್ತರ ದಶಕ ಮುಗಿಯುತ್ತಿದ್ದಾಗ ನಾನು ಇತಿಹಾಸ ಕಲಿಸಲು ಆ ಕಾಲೇಜಿಗೆ ಸೇರಿದೆ. ಆಗಲೇ ಅವರಿಗೆ ನಲವತ್ತು ದಾಟಿತ್ತು. ಕೊಂಕಣಿ ಮನೆಮಾತಿನ ಕ್ರೈಸ್ತರು. ಮದುವೆಯಾಗಿರಲಿಲ್ಲ, ತಂಗಿಯ ಮನೆಯಲ್ಲಿದ್ದರು. ಬಿಳಿಯ ಪ್ಯಾಂಟಿನ ಬಲಗಾಲಿಗೆ ಹಾಕಿದ ಸೈಕಲ್ ಕ್ಲಿಪ್ಪನ್ನು ತೆಗೆಯಲು ಮರೆತು ಇಡೀ ದಿನ ಹಾಗೆಯೇ ಓಡಾಡುತ್ತಿದ್ದರು. ಯಾವ ಪುಸ್ತಕ ಕೈಗೆ ಬಂದರೂ ಹೆಸರು ನೋಡುವ ಮೊದಲು ಅದನ್ನು ಬಿಡಿಸಿ ಮೂಗಿಗೆ ಹಿಡಿಯುತ್ತಿದ್ದರು. ತೇವ ಕುಡಿದಿದೆಯೋ ಎಂದು ನೋಡುವ ಬಗೆ ಅದು. ಹುಡುಗರು ಅವರ ಬೆನ್ನ ಹಿಂದೆ ಹಾಗೆಯೇ ಮಾಡಿ ನಗುತ್ತಿದ್ದರು. ಅವರಿಗೆ ಅದು ಗೊತ್ತಿತ್ತು.

ಅವರ ಮೇಜಿನ ಹಿಂದಿನ ಗೋಡೆಗೆ ಒಂದು ದೊಡ್ಡ ನಕ್ಷೆ ಹಚ್ಚಿತ್ತು. ಕಾಲೇಜು ಹೊಸ ಲೈಬ್ರರಿ ಕಟ್ಟಿಸುವುದೆಂದು ಆಗಿತ್ತು. ಹೇಗಿರಬೇಕು, ಯಾವ ಸೌಕರ್ಯ ಎಲ್ಲಿ ಎಂಬುದನ್ನು ಯೋಜಿಸುವ ಕೆಲಸ ಅವರದು. ಉದ್ದನೆಯ ವಾಚನಾಲಯ, ಗ್ರಾಮಫೋನ್ ತಟ್ಟೆಗಳಲ್ಲಿ ಇಂಗ್ಲಿಷ್ ಉಚ್ಚಾರಣೆ ಕೇಳಲು ಚಿಕ್ಕ ಗೂಡುಗಳು, ಸ್ಲೈಡ್ ತೋರಿಸಲು ಕತ್ತಲೆ ಕೋಣೆ, ಮೈಕ್ರೋಫಿಲ್ಮ್ ಓದುವ ಯಂತ್ರಕ್ಕೊಂದು ಜಾಗ. ಬಲಗಡೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಚೌಕ, ಅದರೊಳಗೆ ಎರಡು ಪದ: ಒಣ ಕೋಣೆ. ತಂಪು ಮಾಡುವ, ಗಾಳಿಯ ತೇವ ಹೀರುವ ಯಂತ್ರವಿರುವ ಕೋಣೆ ಅದು. ಫಿಲ್ಮುಗಳನ್ನು ಅಲ್ಲಿಡಬೇಕು. ಖರ್ಚು ಕಡಿಮೆ ಮಾಡಿ ಎಂದಾಗಲೆಲ್ಲ ಆ ಚೌಕವನ್ನು ಉಜ್ಜಿ ಅಳಿಸುತ್ತಿದ್ದರು. ಸಭೆ ಮುಗಿಸಿ ಬಂದು ಮತ್ತೆ ಬರೆಯುತ್ತಿದ್ದರು. ಆ ಜಾಗದಲ್ಲಿ ಕಾಗದ ಸವೆದು ಗೋಡೆಯ ಸುಣ್ಣ ಕಾಣುತ್ತಿತ್ತು.

ಲೈಬ್ರರಿ ಸಮಿತಿಯಲ್ಲಿ ಎಲ್ಲರಿಗಿಂತ ಕಿರಿಯಳಾದ ನನಗೆ ನಡಾವಳಿ ಬರೆಯುವ ಕೆಲಸ ಬಂದಿತ್ತು. ಹಾಗಾಗಿ ಅಲ್ಲಿ ಆಡಿದ ಮಾತುಗಳು ಚೆನ್ನಾಗಿ ನೆನಪಿವೆ. ಯಂತ್ರಕ್ಕೂ ಫಿಲ್ಮ್ ಮಾಡಿಸುವುದಕ್ಕೂ ದೆಹಲಿಯಿಂದ ಹಣ ಬಂದಿತ್ತು. ಮಾರ್ಚ್ ಒಳಗೆ ಖರ್ಚಾಗದಿದ್ದರೆ ಹಿಂದೆ ಹೋಗುತ್ತಿತ್ತು. ಒಣ ಕೋಣೆಯನ್ನು ಮಾತ್ರ ಕಾಲೇಜೇ ಕಟ್ಟಿಸಬೇಕಿತ್ತು. ಕಾಮರ್ಸ್ ಪ್ರೊಫೆಸರು ಕೇಳಿದ್ದರು: "ಫಿಲ್ಮಿಗೆ ತಂಪು ಕೋಣೆ ಬೇಕಂತೆ! ಸ್ಟಾಫ್ ರೂಮಿನಲ್ಲಿ ನಮ್ಗೆ ಒಂದು ಫ್ಯಾನ್ ಉಂಟಾ ಮಾರಾಯ್ರೆ? ನಾವೂ ಫಿಲ್ಮಿನ ಡಬ್ಬಿಯೊಳಗೆ ಹೋಗಿ ಕೂತ್ಕೊಳ್ಳುವುದಾ?"

ಎಲ್ಲರೂ ನಕ್ಕರು. ಲೈಬ್ರರಿ ಸರ್ ಕೂಡ ನಕ್ಕರು. "ಯಂತ್ರ ಮೊದಲು ಬರಲಿ, ಕೋಣೆ ಮುಂದಿನ ವರ್ಷ ನೋಡುವ" ಎಂದರು ಪ್ರಿನ್ಸಿಪಾಲರು. "ಆಗಲಿ ಸರ್" ಎಂದರು ಇವರು. ಮುಂದಿನ ವರ್ಷವೂ ಅದೇ ಮಾತು. ಅದರ ಮುಂದಿನ ವರ್ಷವೂ…

ಫಿಲ್ಮ್ ಮಾಡಿಸಲು ಅವರು ಆರಿಸಿದ್ದು ಊರಿನ ಒಂದು ಹಳೆಯ ವಾರಪತ್ರಿಕೆಯನ್ನು. ಅದು ನಿಂತು ಎಷ್ಟೋ ಕಾಲವಾಗಿತ್ತು. ಅದರ ಸಂಚಿಕೆಗಳು ಪೂರ್ತಿಯಾಗಿ ಉಳಿದಿದ್ದದ್ದು ಬಂದರಿನ ಒಬ್ಬ ಬ್ಯಾರಿ ಸಾಹುಕಾರರ ಅಂಗಡಿಯ ಅಟ್ಟದಲ್ಲಿ ಮಾತ್ರ. ಒಣಮೀನು, ಹಂಚು, ಬೆಲ್ಲದ ವ್ಯಾಪಾರ ಅವರದು. ಹಡಗು, ಮಂಜಿಗಳು ಬಂದುಹೋಗುವ ಸುದ್ದಿಗಾಗಿ ಅವರ ತಂದೆ ಆ ಪತ್ರಿಕೆ ತರಿಸುತ್ತಿದ್ದರು. ಹಾಯಿ ಕಟ್ಟಿದ ದೊಡ್ಡ ಸರಕುದೋಣಿಗೆ ನಮ್ಮಲ್ಲಿ ಮಂಜಿ ಎನ್ನುತ್ತಾರೆ. ಅಂಥ ಒಂದು ಮಂಜಿಯಲ್ಲಿ ಹಂಚು ತುಂಬಿಕೊಂಡು ಹೋದ ಸಾಹುಕಾರರ ಅಣ್ಣ ತಿರುಗಿ ಬರಲಿಲ್ಲ. ಮಂಜಿಯ ಜತೆ ಕಡಲಪಾಲಾದವರ ಹೆಸರುಗಳು ಆ ಪತ್ರಿಕೆಯ ಒಂದು ಮೂಲೆಯಲ್ಲಿ ಅಚ್ಚಾಗಿದ್ದವು.

ಆ ಕಟ್ಟುಗಳನ್ನು ಕೇಳಲು ಲೈಬ್ರರಿ ಸರ್ ಹೋದಾಗ ನಾನೂ ಜತೆಗಿದ್ದೆ. ಸಾಹುಕಾರರು ಗಡ್ಡ ಸವರುತ್ತಾ ಕುಳಿತರು.

"ನಮ್ಗೆ ಖಬರು ಇಲ್ಲ ಪೊರ್ಬುಗಳೇ" ಎಂದರು ಕೊನೆಗೆ. ಪೊರ್ಬು ಎಂದರೆ ಇಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವ ಮಾತು; ಖಬರು ಎಂದರೆ ಗೋರಿ. "ಹೂಳ್ಲಿಕ್ಕೆ ಅಣ್ಣನ ಮಯ್ಯತ್ತೇ ಸಿಕ್ಕಲಿಲ್ಲ, ಮತ್ತೆ ಖಬರು ಎಲ್ಲಿಂದ? ಅವನ ಹೆಸರು ಇರುವ ಜಾಗ ಇದೊಂದೇ. ವರ್ಷಕ್ಕೊಮ್ಮೆ ತೆಗೆದು ನೋಡ್ತೇನೆ."

"ಈಗಲೇ ಮುಟ್ಟಿದಲ್ಲಿ ಪುಡಿಯಾಗ್ತದೆ ಸಾಹುಕಾರ್ರೆ. ಇನ್ನು ಎಷ್ಟು ವರ್ಷ ಬಂದೀತು? ಫಿಲ್ಮ್ ಮಾಡಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ. ವರ್ಷ ವರ್ಷ ಬನ್ನಿ, ನಾನೇ ತೋರಿಸ್ತೇನೆ."

"ಅಲ್ಲ, ಇದು ಸಿನೆಮಾವಾ? ನಾನು ಹಜ್ಜಿಗೆ ಹೋಗಿ ಬಂದವ. ಸಿನೆಮಾ ನೋಡಿದೆ ಅಂತ ಗೊತ್ತಾದ್ರೆ ಮನೆಯಲ್ಲಿ ಗಂಜಿ ಸಿಕ್ಕುವುದಿಲ್ಲ."

"ಹಾಡು ಇಲ್ಲ, ಕುಣಿತ ಇಲ್ಲ. ಅಕ್ಷರ ಮಾತ್ರ."

"ಹಾಗಾದ್ರೆ ನಿಮ್ಮ ಹುಡುಗರು ಯಾರೂ ಬರ್ಲಿಕ್ಕಿಲ್ಲ" ಎಂದು ಸಾಹುಕಾರರು ನಕ್ಕು, ಆಳನ್ನು ಅಟ್ಟ ಹತ್ತಿಸಿದರು.

ಕಟ್ಟುಗಳು ಮದರಾಸಿಗೆ ಹೋದವು. ಅಲ್ಲಿ ಬೆನ್ನು ಕತ್ತರಿಸಿ, ಹಾಳೆ ಬಿಡಿಸಿ ಫಿಲ್ಮ್ ತೆಗೆದರು. ಡಬ್ಬಿಗಳ ಜತೆ ಗೋಣಿಚೀಲಗಳಲ್ಲಿ ವಾಪಸು ಬಂದ ಬಿಡಿ ಹಾಳೆಗಳನ್ನು ಇಡಲು ಜಾಗವಿರಲಿಲ್ಲ. ಹಳೆಯ ಕಟ್ಟಡದ ಜಗಲಿಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒರಲೆ ಹಿಡಿಯಿತು. ಉಳಿದದ್ದನ್ನು ಸಮಿತಿಯವರು ಸುಡಿಸಿದರು. ಲೈಬ್ರರಿ ಸರ್ ಸ್ವತಃ ಹೋಗಿ ಸಾಹುಕಾರರಿಗೆ ತಿಳಿಸಿ ಬಂದರು. "ಫಿಲ್ಮ್ ಉಂಟಲ್ಲ" ಎಂದು ಅವರು ಇವರನ್ನೇ ಸಮಾಧಾನ ಮಾಡಿ ಕಳಿಸಿದರಂತೆ.

ಪ್ರತಿವರ್ಷ ಮಳೆ ಮುಗಿದ ಮೇಲಿನ ಒಂದು ಶುಕ್ರವಾರ, ಜುಮಾ ನಮಾಜು ಮುಗಿಸಿ ಸಾಹುಕಾರರು ಬರುತ್ತಿದ್ದರು. ಯಾರು ಬೇಡವೆಂದರೂ ಚಪ್ಪಲಿ ಬಾಗಿಲಲ್ಲಿ ಬಿಟ್ಟೇ ಒಳಗೆ ಬರುವರು. ಲೈಬ್ರರಿ ಸರ್ ಕುರ್ಚಿ ಒರೆಸಿ ಕೂರಿಸಿ, ಯಂತ್ರದ ಹಿಡಿಕೆ ತಿರುಗಿಸಿ ಆ ಪುಟ ತಂದು ನಿಲ್ಲಿಸುವರು. ಕಪ್ಪಿನ ಮೇಲೆ ಬಿಳಿ ಅಕ್ಷರ. ಸಾಹುಕಾರರು ಬೆರಳನ್ನು ಗಾಜಿಗೆ ತಾಗಿಸದೆ ಹೆಸರುಗಳ ಮೇಲಿಂದ ಇಳಿಸಿ ಒಂದು ಕಡೆ ನಿಲ್ಲಿಸುವರು. ಆಮೇಲೆ ಎರಡೂ ಅಂಗೈ ಬಿಡಿಸಿ ತೀರಿಹೋದ ಅಣ್ಣನಿಗಾಗಿ ಫಾತಿಹಾ ಓದುವರು. ಯಂತ್ರದ ಬೆಳಕು ಆ ಅಂಗೈಗಳ ಮೇಲೆ ಬೀಳುತ್ತಿತ್ತು. ನನಗೆ ಕ್ಲಾಸಿಲ್ಲದಿದ್ದರೆ ನಾನೂ ಹೋಗಿ ಹಿಂದೆ ನಿಲ್ಲುತ್ತಿದ್ದೆ.

ಹೀಗೆ ಕೆಲವು ವರ್ಷ ನಡೆಯಿತು. ಡಬ್ಬಿಗಳು ಮರದ ಕಪಾಟಿನಲ್ಲಿದ್ದವು. ಮಂಗಳೂರಿನ ಮಳೆಗಾಲದಲ್ಲಿ ಕಪಾಟಿನ ಮರವೇ ಬೆವರುತ್ತದೆ. ಬಾಗಿದ ಬಾಗಿಲು ಮುಚ್ಚಲು ಬರುವುದಿಲ್ಲ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅರವತ್ತರ ದಶಕದ ನಡುವಿನ ಒಂದು ವರ್ಷ ಮಳೆ ಬಿಡಲೇ ಇಲ್ಲ. ಸೆಪ್ಟೆಂಬರಿನಲ್ಲಿ, ಕ್ರೈಸ್ತರ ಮೊಂತಿ ಹಬ್ಬದ ಹೊತ್ತಿಗೆ ಸ್ವಲ್ಪ ಬಿಸಿಲು ಕಂಡಾಗ ಅವರು ಒಂದು ಡಬ್ಬಿ ತೆಗೆದರು. ಎಂದಿನಂತೆ ಮೂಗಿಗೆ ಹಿಡಿದರು. ಆಮೇಲೆ ನನ್ನ ಕಡೆ ಚಾಚಿದರು. ಹುಳಿ ವಾಸನೆ; ಫಿಲ್ಮ್ ಕೆಡಲು ಹಿಡಿದರೆ ವಿನೆಗರಿನಂತೆ ನಾರುತ್ತದೆ. ಸುರುಳಿಯ ಅಂಚಿನಲ್ಲಿ ಬೂದುಬಣ್ಣದ ಚುಕ್ಕೆಗಳು. ಉಳಿದ ಡಬ್ಬಿಗಳಲ್ಲೂ ಅದೇ.

ಮದರಾಸಿಗೆ ಟ್ರಂಕ್ ಕಾಲ್ ಮಾಡಿದರು. ಗಂಟಲು ಹರಿಯುವಂತೆ ಕೂಗಿ ಕೇಳಿದ್ದಕ್ಕೆ ಆ ಕಡೆಯಿಂದ ಬಂದದ್ದು ಒಂದೇ ಮಾತು: ಒಣಗಿದ ಜಾಗದಲ್ಲಿಡಿ.

ಒಣಗಿದ ಜಾಗ! ನಮ್ಮ ಊರಿನಲ್ಲಿ ತೇವ ಕುಡಿದ ಯಾವುದಕ್ಕೂ ಇರುವ ಉಪಾಯ ಒಂದೇ, ಬಿಸಿಲು. ಹಪ್ಪಳಕ್ಕೂ ಹಾಸಿಗೆಗೂ ಅದೇ. ಲೈಬ್ರರಿಯ ಪುಸ್ತಕಗಳನ್ನೂ ಪ್ರತಿವರ್ಷ ಮೊಂತಿ ಹಬ್ಬ ಕಳೆದ ಮೇಲೆ ಕೆಮಿಸ್ಟ್ರಿ ಲ್ಯಾಬಿನ ತಾರಸಿಯಲ್ಲಿ ಚಾಪೆ ಹಾಸಿ ಬಿಡಿಸಿಡುತ್ತಿದ್ದೆವು. ಹಾಗೆ ಬಿಸಿಲು ಕಂಡ ಪುಸ್ತಕ ಯಾವುದೂ ಕೆಟ್ಟದ್ದಿಲ್ಲ. ಮರುದಿನ ಬೆಳಗ್ಗೆ ಅವರು ಬೆಳ್ಳಗೆ ಒಗೆದ ಹಾಸುಬಟ್ಟೆಗಳನ್ನು ತಂಗಿಯ ಮನೆಯಿಂದ ಸೈಕಲ್ಲಿನಲ್ಲಿ ಹೇರಿಕೊಂಡು ಬಂದರು. ತಾರಸಿಯಲ್ಲಿ ಅವನ್ನು ಹಾಸಿ ಫಿಲ್ಮುಗಳನ್ನು ಬಿಚ್ಚಿದೆವು. ಗಾಳಿಗೆ ಹಾರದಂತೆ ಅಲ್ಲಲ್ಲಿ ಮುರಕಲ್ಲಿನ ಚೂರು ಇಟ್ಟೆವು.

ಮಧ್ಯಾಹ್ನ ಕ್ಲಾಸು ಮುಗಿಸಿ ಮೇಲೆ ಹೋದೆ. ಅವರು ಮೊಣಕಾಲೂರಿ ಕುಳಿತಿದ್ದರು. ಫಿಲ್ಮುಗಳು ಮುರುಟಿಕೊಂಡಿದ್ದವು. ಅಂಚುಗಳು ಅಲೆಯಂತೆ ಎದ್ದಿದ್ದವು. ಮೇಲಿನ ಕಪ್ಪು ಪದರ ಬಿರುಕುಬಿಟ್ಟು ಸಿಪ್ಪೆ ಏಳುತ್ತಿತ್ತು.

"ಎತ್ತಿ ಮೇಡಂ, ಎತ್ತಿ" ಎಂದರು. ಎತ್ತಲು ಹೋದೆ. ಮುಟ್ಟಿದ ಬೆರಳಿಗೇ ಕಪ್ಪು ಅಂಟಿಕೊಂಡು ಬಂತು. ಕೆಳಗೆ ಉಳಿದದ್ದು ಬರಿಯ ಪಾರದರ್ಶಕ ಪಟ್ಟಿ. ಕೈ ಹಿಂದೆಗೆದೆ. ಬಿಟ್ಟರೆ ಬಿಸಿಲು ತಿನ್ನುತ್ತದೆ, ಮುಟ್ಟಿದರೆ ಕೈಗೆ ಬರುತ್ತದೆ. ಕಡಲ ಕಡೆಯಿಂದ ಗಾಳಿ ಎದ್ದಾಗ ಆ ಕಪ್ಪು ಚೂರುಗಳು ಬಿಳಿಯ ಬಟ್ಟೆಯ ಮೇಲೆ ಸರಿದಾಡಿದವು. ಕೆಲವು ಹಾರಿಹೋದವು. ಅವರು ಎರಡೂ ಅಂಗೈಗಳನ್ನು ಫಿಲ್ಮಿನ ಮೇಲೆ, ತಾಗಿಸದೆ, ನೆರಳಿಗೆಂಬಂತೆ ಹಿಡಿದುಕೊಂಡಿದ್ದರು. ಎಷ್ಟು ಜಾಗಕ್ಕೆ ಆದೀತು ಆ ನೆರಳು…

ಸಾಹುಕಾರರು ಬರುವ ಶುಕ್ರವಾರ ಬಂದೇ ಬಂತು. ಮೊದಲೇ ಹೋಗಿ ತಿಳಿಸಬೇಕೆಂದು ಲೈಬ್ರರಿ ಸರ್ ಬಂದರಿನವರೆಗೆ ಹೋಗಿ, ಅಂಗಡಿಯ ಎದುರಿನಿಂದಲೇ ಸೈಕಲ್ ತಿರುಗಿಸಿ ಬಂದಿದ್ದರಂತೆ. ಆ ದಿನ ಕುರ್ಚಿ ಮಾತ್ರ ಒರೆಸಿಟ್ಟಿದ್ದರು. ಸಾಹುಕಾರರು ಚಪ್ಪಲಿ ಬಿಟ್ಟು ಒಳಗೆ ಬಂದರು. ಲೈಬ್ರರಿ ಸರ್ ಡಬ್ಬಿಯನ್ನು ಅವರ ಕೈಗೆ ಕೊಟ್ಟರು.

ಸಾಹುಕಾರರು ಮುಚ್ಚಳ ತೆಗೆದರು. "ಇದೆಂತ ಪೊರ್ಬುಗಳೇ, ನಿಮ್ಮ ಮನೆಯ ಮೀನುಸಾರಿನ ಪರಿಮಳ ಉಂಟಲ್ಲ ಇದ್ರಲ್ಲಿ?"

"ಹೋಯ್ತು ಸಾಹುಕಾರ್ರೆ."

"ಯಾವುದು ಹೋಯ್ತು?"

"ಎಲ್ಲ."

ಸಾಹುಕಾರರು ಡಬ್ಬಿಯೊಳಗೆ ನೋಡಿದರು. ಮುಚ್ಚಳವನ್ನು ಮೆಲ್ಲಗೆ ಹಾಕಿ ತೊಡೆಯ ಮೇಲಿಟ್ಟುಕೊಂಡರು. ಸಿಟ್ಟು ಬರಬಹುದೆಂದು ನಾನು ಕಾದೆ. ಬಂದಿದ್ದರೆ ಒಳ್ಳೆಯದಿತ್ತು. ಅವರು ಯಂತ್ರದ ಕಡೆ ತಿರುಗಿ, "ಲೈಟು ಹಾಕಿ" ಎಂದರು.

ಲೈಬ್ರರಿ ಸರ್ ಗುಂಡಿ ಒತ್ತಿದರು. ಗಾಜು ಬೆಳ್ಳಗಾಯಿತು, ಖಾಲಿ. ಸಾಹುಕಾರರ ಬೆರಳು ಎದ್ದು ಅಭ್ಯಾಸದಂತೆ ಕೆಳಗಿಳಿದು ನಿಂತಿತು. ಸ್ವಲ್ಪ ಮೇಲೆ ಹೋಯಿತು. ಮತ್ತೆ ಇಳಿಯಿತು.

"ಪೊರ್ಬುಗಳೇ, ಅವನದ್ದು ನಾಲ್ಕನೇ ಹೆಸರಾ, ಐದನೇದ್ದಾ?"

ಲೈಬ್ರರಿ ಸರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ವರ್ಷ ವರ್ಷ ನೋಡಿದ ಪುಟ. ಉಳಿದ ಹೆಸರುಗಳು ಯಾರ ಬಾಯಿಗೂ ಬರಲಿಲ್ಲ. ಫಿಲ್ಮಿನಲ್ಲಿತ್ತಲ್ಲ, ನೆನಪಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಸಾಹುಕಾರರು ಬೆರಳು ತೆಗೆದು, ಆ ಖಾಲಿ ಬೆಳಕಿನ ಎದುರೇ ಅಂಗೈ ಬಿಡಿಸಿ ಓದಿದರು. ಹೋಗುವಾಗ ಸಾಹುಕಾರರೇ ಲೈಬ್ರರಿ ಸರ್‌ರ ಭುಜ ಮುಟ್ಟಿದರು. ಮುಂದಿನ ವರ್ಷ ಅವರು ಬರಲಿಲ್ಲ.

ಆಮೇಲಿನ ಸಭೆಯಲ್ಲಿ ಒಣ ಕೋಣೆಗೆ ಒಂದೇ ಮಾತಿನಲ್ಲಿ ಒಪ್ಪಿಗೆ ಸಿಕ್ಕಿತು. ಕಾಮರ್ಸ್ ಪ್ರೊಫೆಸರೇ ಸೂಚಿಸಿದರು. ಯಾರೂ ನಗಲಿಲ್ಲ. ಹೊಸ ಕಟ್ಟಡದಲ್ಲಿ, ನಕ್ಷೆಯ ಅದೇ ಮೂಲೆಯಲ್ಲಿ ಕೋಣೆ ಎದ್ದಿತು. ಯಂತ್ರ ಗುಂಯ್‌ಗುಡುತ್ತಿತ್ತು. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಒಳಗೆ ತುಟಿ ಬಿರಿಯುವಷ್ಟು ಒಣಹವೆ ಇತ್ತು. ಲೈಬ್ರರಿ ಸರ್ ದಿನಾ ಬೆಳಗ್ಗೆ ಹೋಗಿ ಬಾಗಿಲು ತೆಗೆದು, ಗಾಳಿಯನ್ನು ಒಮ್ಮೆ ಮೂಸಿ, ಬಾಗಿಲು ಹಾಕಿ ಬರುತ್ತಿದ್ದರು. ಕಪಾಟುಗಳಲ್ಲಿ ಬಹಳ ಕಾಲ ಏನೂ ಇರಲಿಲ್ಲ. ಹಿಂದಿನಿಂದ ಅಣಕಿಸುತ್ತಿದ್ದ ಹುಡುಗರು ಯಾಕೋ ಅಣಕಿಸುವುದನ್ನು ಬಿಟ್ಟಿದ್ದರು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಸಾಹುಕಾರರು ಅದಕ್ಕೂ ಮೊದಲೇ ಹೋದರು. ಬಂದರಿನ ಅಂಗಡಿಯ ಜಾಗದಲ್ಲಿ ಈಗ ಬೇರೆ ಏನೋ ಇದೆ.

ಮುಚ್ಚಳ ತೆಗೆದ ದಿನವೇ ಸಂಜೆ ಬಾಯಿ ಬೇಲಿಯಾಚೆಯಿಂದ ಕೇಳಿದರು: "ಎಂತ ಟೀಚರ್, ವಿನೆಗರ್ ಸರಿ ಆಗಲಿಲ್ವಾ?"

"ಸರಿ ಉಂಟು ಬಾಯಿ, ಒಳ್ಳೇದಾಗಿದೆ" ಎಂದೆ. ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ. ಕಣ್ಣು ಮುಚ್ಚಿದರೆ ಆ ಪುಟ ಈಗಲೂ ಬರುತ್ತದೆ. ಕಪ್ಪಿನ ಮೇಲೆ ಬಿಳಿ ಸಾಲುಗಳು, ಮೇಲಿನಿಂದ ಇಳಿಯುವ ಒಂದು ಬೆರಳು. ಅದು ಎಲ್ಲಿ ನಿಲ್ಲುತ್ತದೆಂದು ನೋಡುತ್ತೇನೆ. ನಾಲ್ಕನೆಯದೋ, ಐದನೆಯದೋ…