ರುಮಾಲಿನೊಳಗಿನ ತಂಗಡಿ

ಕಳೆದ ಭಾನುವಾರ ಅಕ್ಕನ ಮನೆಯಿಂದ ಊರಿಗೆ ಹೊರಟಾಗ ಅವಳು ನನ್ನ ಜರಿ ಪೇಟವನ್ನು ಬಿಚ್ಚಿ ಹಾಕಿದಳು. ಕನ್ನಡಿ ಮುಂದೆ ನಿಂತು ಕಷ್ಟಪಟ್ಟು ಸುತ್ತಿಕೊಂಡ ಪೇಟ, ಸ್ವಾಮಿ!

"ಈ ಬಿಸ್ಲಾಗೆ ಇಂಗೇ ಓಗ್ತೀಯೇನ್ಲಾ? ತಲೆ ಕಾದ್ರೆ ಕಣ್ಣುರಿ ಬತ್ತದೆ" ಎಂದವಳೇ ಒಂದು ಹಿಡಿ ತಂಗಡಿ ಎಲೆ ಹರವಿ ಮತ್ತೆ ಸುತ್ತಿದಳು. ತಲೆ ತಣ್ಣಗಾಯಿತು. (ಪೇಟದ ಆಕಾರ ಮಾತ್ರ ಕೇಳಬೇಡಿ.)

ಅಕ್ಕನ ಊರಿರುವ ಬುಕ್ಕಾಪಟ್ಟಣದ ಕಡೆ ತಂಗಡಿಯನ್ನು ಯಾರು ಬಿತ್ತುತ್ತಾರೆ? ಕಲ್ಲಿನ ಸಂದಿಯಲ್ಲಿ ತಾನೇ ಹುಟ್ಟಿ ಹಳದಿ ಹೂ ಬಿಡುತ್ತದೆ. ಹೂವಿನ ಕಷಾಯ ಮೈ ಉಷ್ಣಕ್ಕೆ, ಬೀಜದ ಪುಡಿ ಕಣ್ಣುಬೇನೆಗೆ, ಕಡ್ಡಿ ಹಲ್ಲುಜ್ಜಲು. ಎಲೆ ಗಂಡಸರ ರುಮಾಲಿನೊಳಕ್ಕೆ. ಭಾವ ಹೊಲಕ್ಕೆ ಹೊರಟಾಗಲೆಲ್ಲ ಅಕ್ಕನೇ ಎಲೆ ಹರವಿ ಕೊಡುತ್ತಿದ್ದಳು. ಹೋದ ವರ್ಷ ಭಾವ ತೀರಿಕೊಂಡರು. ಮನೆ ಹಿಂದಿನ ಹೊಲದ ಬದುವಿನಲ್ಲೇ ಮಣ್ಣು ಮಾಡಿದೆವು. ಈಗ ಅವರ ತಲೆಯ ಕಡೆ ಒಂದು ತಂಗಡಿ ಎದ್ದಿದೆ.

ನಾನು ಬಸ್ಸಿಗೆ ಹೊರಡುವಷ್ಟರಲ್ಲಿ ಬದುವಿನ ಕಡೆಯಿಂದ ಕೊಡಲಿ ಸದ್ದು ಕೇಳಿತು. ಅಕ್ಕ ಓಡಿದಳು. ನಾನೂ ಓಡಿದೆ.

ಈಗ ನಡೆದಿರುವ ಯುದ್ಧಕ್ಕೆ ಸಿಪಾಯಿಗಳ ಬೂಟು ಬೇಕು. ಬೂಟಿಗೆ ತೊಗಲು, ತೊಗಲು ಹದ ಮಾಡಲು ತಂಗಡಿಯ ತೊಗಟೆ. ತೊಗಟೆ ಕಂಟ್ರಾಕ್ಟರನ ಕಡೆಯ ಕೂಲಿಯವನೊಬ್ಬ ಸಮಾಧಿಯ ಪಕ್ಕದ ಗಿಡಗಳನ್ನು ಕಡಿದು ಮುಗಿಸಿದ್ದ.

"ಲೈಸೆನ್ಸ್ ತೋರಿಸು!" ಎಂದು ಗದರಿದೆ. (ತೋರಿಸಿದ್ದರೆ ಏನು ಮಾಡುತ್ತಿದ್ದೆನೋ?)

"ಗುಡ್ಡದಾಗೆಲ್ಲ ಮುಗದೋಯ್ತು ಸ್ವಾಮಿ. ಹೊರೆ ತುಂಬ್ದಿದ್ರೆ ಕೂಲಿ ಕೊಡಕಿಲ್ಲ" ಎಂದ.

ಅಕ್ಕ ಜಗಳಕ್ಕೆ ಹೋಗಲಿಲ್ಲ. ಉಳಿದ ಆ ಒಂದು ಗಿಡವನ್ನು ಹಿಡಿದುಕೊಂಡು ನಿಂತಳು. "ಇದ್ರಡೀಲಿ ನಮ್ಮೆಜಮಾನ್ರು ಮಲಗವ್ರೆ ಕಣಪ್ಪ. ಅವ್ರಿಗೆ ಬಿಸ್ಲು ತಡೀತಿರ್ಲಿಲ್ಲ. ಇದೊಂದ್ನ ಬುಟ್ಬುಡು."

ಅವನು ಕೊಡಲಿ ಕೆಳಗಿಟ್ಟ. ಮುಖ ಒರೆಸಿಕೊಳ್ಳಲು ರುಮಾಲು ಬಿಚ್ಚಿದ. ಒಳಗಿಂದ ಬಾಡಿದ ತಂಗಡಿ ಎಲೆಗಳು ಉದುರಿದವು. ಅವನೂ ನೋಡಿದ, ನಾವೂ ನೋಡಿದೆವು.

"ನಾಕೆಲೆ ಕಿತ್ಕಳ್ಲಾ ಅಕ್ಕಯ್ಯ?" ಎಂದ, ತಲೆ ತಗ್ಗಿಸಿ.

ಅಕ್ಕನೇ ಕಿತ್ತಳು. ಅವನ ರುಮಾಲನ್ನು ಬಿಡಿಸಿ, ಭಾವನಿಗೆ ಮಾಡುತ್ತಿದ್ದ ಹಾಗೆಯೇ ಒಂದರ ಮೇಲೊಂದು ಹರವಿ ಕೊಟ್ಟಳು. ಅವನು ರುಮಾಲು ಸುತ್ತಿಕೊಂಡು, ಕೊಡಲಿ ಹೆಗಲಿಗೇರಿಸಿ, ಪಕ್ಕದ ಹೊಲದ ತಂಗಡಿಯತ್ತ ನಡೆದ.

ಈ ಎಲೆಯೂ ಬಾಡಿದ ಮೇಲೆ ಅವನು ಯಾವ ಗಿಡವನ್ನು ಹುಡುಕಿಕೊಂಡು ಹೋಗುತ್ತಾನೆ?