ಎದುರು ಪತ್ರಿಕೆಯಲ್ಲಿ ಬಂದ ಕರೆ

ದ್ವೀಪದೂರು ಸಾವೊ ಲೂಯಿಸಿನ ಇಳಿಜಾರು ಬೀದಿಯಲ್ಲಿ ‘ಫಾರೊಲ್’ ಪತ್ರಿಕೆಯ ಕಚೇರಿ ಒಂದು ಬದಿಗೆ, ‘ಸೆಂತಿನೆಲಾ’ ಇನ್ನೊಂದು ಬದಿಗೆ. ನಡುವೆ ದೋನಾ ಜೆನೊವೇವಾಳ ಕಾಫಿ ಗಾಡಿ. ಫಾರೊಲ್ ಗವರ್ನರರ ಕಡೆ. ಸೆಂತಿನೆಲಾ ಅವರನ್ನು ಇಳಿಸಲು ಹೊರಟವರ ಕಡೆ. ದ್ವೀಪದ ಮನೆಗಳೂ ಹಾಗೇ ಹೋಳಾಗಿದ್ದವು. ಸೆಂತಿನೆಲಾ ಓದುವವರು ಫಾರೊಲ್‌ನಲ್ಲಿ ಸುತ್ತಿಕೊಟ್ಟ ಮೀನನ್ನೂ ಮುಟ್ಟುತ್ತಿರಲಿಲ್ಲ.

ಜೆನೊವೇವಾಳ ಗಂಡ ತಿಬುರ್ಸಿಯೊ ಫಾರೊಲ್‌ನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ಅವನ ತಮ್ಮ ಲೌರಿವಾಲ್ ಸೆಂತಿನೆಲಾದಲ್ಲಿ ಅದೇ ಕೆಲಸಕ್ಕಿದ್ದ. ಒಂದು ಚುನಾವಣೆಯಲ್ಲಿ ಮಾತಿಗೆ ಮಾತು ಬೆಳೆದು ಮುಖ ತಿರುಗಿಸಿದವರು ಮತ್ತೆ ಮಾತಾಡಲಿಲ್ಲ. ಇಬ್ಬರೂ ಕಾಫಿ ಕುಡಿಯುತ್ತಿದ್ದುದು ಮಾತ್ರ ಅವಳ ಗಾಡಿಯಲ್ಲೇ, ಒಬ್ಬರಿಗೊಬ್ಬರು ಬೆನ್ನು ಹಾಕಿ.

ತಿಬುರ್ಸಿಯೊ ಎದೆನೋವಿನಿಂದ ತೀರಿಕೊಂಡ. ಕಡೆಗೆ ಹೆಂಡತಿಗೆ ಹೇಳಿದ್ದು ಇಷ್ಟೇ: “ಏಳನೇ ದಿನದ ಪೂಜೆಗೆ ನನ್ ತಮ್ಮನ್ನ ಕರಿಯೇ.” ಮಣ್ಣಿನ ದಿನ ಲೌರಿವಾಲ್ ಸ್ಮಶಾನದ ಗೇಟಿನಾಚೆ ನಿಂತಿದ್ದು ಹಾಗೇ ಹೋಗಿಬಿಟ್ಟ.

ಸತ್ತವರಿಗಾಗಿ ಇಗರ್ಜಿಯಲ್ಲಿ ಮಾಡಿಸುವ ಏಳನೆಯ ದಿನದ ಪೂಜೆಗೆ ಊರಿನ ವಾಡಿಕೆಯಂತೆ ಪತ್ರಿಕೆಯಲ್ಲೇ ಕರೆಯಬೇಕು. ಬಾಯಿಮಾತಿನ ಕರೆ ಕರೆಯಲ್ಲ. ಊರಿಗೆ ಕಾಣದ ಕರೆಗೆ ಲೌರಿವಾಲ್ ಬರುವವನೂ ಅಲ್ಲ. ಫಾರೊಲ್‌ನವರು ತಾವಾಗಿಯೇ ಹಾಕಿದರು. ಆದರೆ ಅವನ ಮನೆಯ ಹೊಸ್ತಿಲು ಫಾರೊಲ್ ದಾಟುವುದುಂಟೇ?

ಜೆನೊವೇವಾ ಗಾಡಿ ಬಿಟ್ಟು ಸೆಂತಿನೆಲಾಗೆ ಹೋದಳು. ಮ್ಯಾನೇಜರ್ ಸೆವೆರಿನೊ ಹೌಹಾರಿದ.

“ಫಾರೊಲ್‌ನವನ ಹೆಸರು ನಮ್ಮ ಪೇಪರ್‌ನಲ್ಲಾ? ಯಜಮಾನ್ರು ನನ್ನನ್ನೇ ಅಚ್ಚಿಗೆ ಹಾಕ್ತಾರೆ, ದೋನಾ!”

“ಹೆಸರು ಬೇಡ ಬಿಡಿ. ಕಾಫಿ ಜೆನೊವೇವಾಳ ಗಂಡ ಅಂತ ಹಾಕಿ. ನನ್ನ ಕಾಫಿಗೆ ಯಾವ ಪಕ್ಷ? ದಿನಾ ನೀವೂ ಕುಡೀತೀರಲ್ಲ.”

“ಕುಡೀತೀನಿ, ಫಾರೊಲ್‌ನವರಿಗೆ ಬೆನ್ನು ಹಾಕಿ.”

“ಹಾಕ್ಕೊಳ್ಳಿ. ಕಾಫಿ ಹೋಗೋದು ಹೊಟ್ಟೆಗೆ, ಬೆನ್ನಿಗಲ್ಲ.”

ಸೆವೆರಿನೊ ನಕ್ಕುಬಿಟ್ಟ. ಅವಳು ಹೇಳಿದಂತೆ ಬರೆದು ಒಳಗೆ ಕಳಿಸಿದ. ಅದು ಹೋಗಿ ಬಿದ್ದದ್ದು ಲೌರಿವಾಲನ ಕೈಗೆ.

ಮರುದಿನ ಪತ್ರಿಕೆ ಬಂತು. ಜೆನೊವೇವಾಳಿಗೆ ಓದು ಬಾರದು; ಮೆಕ್ಕೆಜೋಳದ ಕುಸ್ಕುಸ್ ಕಡುಬು ತಿನ್ನಲು ಗಾಡಿಗೆ ಬಂದ ದರ್ಜಿ ಓದಿದ. ಅದರಲ್ಲಿ ತಿಬುರ್ಸಿಯೊನ ಹೆಸರು ಪೂರ್ತಿ ಇತ್ತು. ಕರೆಯುವವರು ಎಂಬಲ್ಲಿ ಹೆಂಡತಿ ಜೆನೊವೇವಾ, ಅದರ ಕೆಳಗೆ ತಮ್ಮ ಲೌರಿವಾಲ್.

“ಇನ್ನೊಂದ್ಸಲ ಓದಪ್ಪ,” ಅಂದಳು.

ಪೂಜೆಯ ಬೆಳಿಗ್ಗೆ ಅವಳು ಹೋಗುವ ಮೊದಲೇ ಲೌರಿವಾಲ್ ಇಗರ್ಜಿಯ ಬಾಗಿಲಲ್ಲಿ ನಿಂತಿದ್ದ.

“ಮ್ಯಾನೇಜರ್ ಬಯ್ದ್ರಾ?” ಎಂದು ಕೇಳಿದಳು.

“ಬಾಯಿಗೆ ಬಂದಂಗೆ ಬಯ್ದ, ಅತ್ತಿಗೆ. ಅಗೋ, ಎರಡನೇ ಬೆಂಚಲ್ಲಿ ಕೂತವ್ನೆ.”

ಅಷ್ಟರಲ್ಲಿ ಫಾರೊಲ್‌ನವರು ಗುಂಪಾಗಿ ಮೆಟ್ಟಿಲು ಹತ್ತಿ ಬಂದರು. ಅವನನ್ನು ಕಂಡು ಅನುಮಾನಿಸಿದರು. ಲೌರಿವಾಲ್ ಮುಂದೆ ಹೋಗಿ, “ಬನ್ನಿ, ನಮ್ಮಣ್ಣನ ಪೂಜೆ,” ಎಂದು ಒಬ್ಬೊಬ್ಬರನ್ನೂ ಕೈಹಿಡಿದು ಒಳಗೆ ಕರೆದುಕೊಂಡ.